ಗಜ ಹೇಳಿದ ಮಾತು

ಕರಾವಳಿಯ ಹಳೆಯ ಮನೆಗಳ ಜಗಲಿಯಲ್ಲಿ ಕುಳಿತು ಗೋಡೆಯತ್ತ ಕಣ್ಣು ಹಾಯಿಸಿದರೆ ಆ ಮನೆತನದ ಅರ್ಧ ಚರಿತ್ರೆ ತಿಳಿದುಬರುತ್ತದೆ. ಕಟ್ಟು ಹಾಕಿಸಿದ ದೇವರ ಪಟಗಳು, ಹೂಮಾಲೆ ತೊಟ್ಟ ಹಿರಿಯರ ಭಾವಚಿತ್ರಗಳು, ಎಂದೋ ನಿಂತುಹೋದ ಗೋಡೆ ಗಡಿಯಾರ. ಇವುಗಳ ನಡುವೆ ಕೆಲವು ಮನೆಗಳಲ್ಲಿ ಒಂದೇ ಎತ್ತರದಲ್ಲಿ ಬಡಿದ ಎರಡು ಮರದ ಗೂಟಗಳು ಕಾಣಿಸುತ್ತವೆ. ಹೊಸದಾಗಿ ಬಂದ ನೆಂಟರು ಅವುಗಳ ಮೇಲೆ ಅಂಗಿಯನ್ನೋ ಚೀಲವನ್ನೋ ತೂಗುಹಾಕಲು ಹೋಗುತ್ತಾರೆ. ಆಗ ಮನೆಯವರು ಮೆಲ್ಲಗೆ, “ಅದು ಬೇಡ, ಅದು ಕೋವಿಯ ಗೂಟ” ಎನ್ನುತ್ತಾರೆ. ಕೋವಿ ಅಲ್ಲಿಲ್ಲದಿದ್ದರೂ ಅದರ ಸ್ಥಾನ ಅಲ್ಲಿರುತ್ತದೆ.

ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ ಶರಾವತಿಯ ದಂಡೆಯನ್ನು ಹಿಡಿದು ಹೋದರೆ ಸಿಗುವ ಅಡಿಕೆ ತೋಟಗಳ ನಡುವೆ ಇಂಥದೊಂದು ಮನೆಯಿದೆ. ಆ ಮನೆಯ ಯಜಮಾನರಿಗೆ ಎಂಬತ್ತೊಂದು ವರ್ಷ. ಮನೆಯವರಿಗೂ ಕೇರಿಯವರಿಗೂ ಅವರು ‘ಅಜ್ಜ’. ಅಜ್ಜನ ಕೋವಿ ಹಲವು ವರ್ಷಗಳಿಂದ ಜಗಲಿಯನ್ನು ಬಿಟ್ಟು ಒಳಕೋಣೆಯ ಕೀಲಿ ಹಾಕಿದ ಕಪಾಟನ್ನು ಸೇರಿತ್ತು. ಆದರೂ ಗೂಟಗಳನ್ನು ಕೀಳುವ ಮಾತನ್ನು ಯಾರೂ ಆಡಿರಲಿಲ್ಲ.

ಆ ಕೋವಿಯನ್ನು ಮನೆಯವರೆಲ್ಲ ‘ರೈಫಲ್ಲು’ ಎಂದೇ ಕರೆಯುತ್ತಿದ್ದರು. ಒಂದು ಸಲಕ್ಕೆ ಒಂದೇ ಈಡು. ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಹಿಂಬದಿಯಲ್ಲಿ ತಾಮ್ರದ ಕೇಪನ್ನು ಕೂರಿಸಿ ಹೊಡೆಯುವಂಥದು. ನೆರೆಹೊರೆಯ ತೋಟಗಳಲ್ಲಿ ಇದ್ದದ್ದೂ ಇಂಥ ಕೇಪಿನ ಕೋವಿಗಳೇ. ಆದರೆ ಅವೆಲ್ಲ ‘ನಾಡಕೋವಿ’, ಇದು ಮಾತ್ರ ‘ರೈಫಲ್ಲು’. ಅಜ್ಜನ ಅಜ್ಜ ಇದನ್ನು ಕುಮಟೆಯಲ್ಲಿ ಕೊಂಡರೆಂಬುದು ಮನೆಯ ಐತಿಹ್ಯ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ, ಧಾರವಾಡದ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಗಾಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿದ್ದವು. ಅಲ್ಲಿಂದ ಹತ್ತಿ ಹಡಗನ್ನೇರಿ ಮುಂಬಯಿಗೆ ಸಾಗುತ್ತಿತ್ತು. ಹತ್ತಿ ಬೆಳೆದದ್ದು ಘಟ್ಟದ ಮೇಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಸೆಳೆತವಿತ್ತು. ಹಣ ಹರಿದಾಡಿದ ಆ ದಿನಗಳಲ್ಲಿ ಅಡಿಕೆ ಮಾರಿ ಬಂದ ಹಣದಿಂದ ಅಜ್ಜನ ಅಜ್ಜ ಕೋವಿ ಕೊಂಡರಂತೆ. ಅಜ್ಜಿಗೆ ಕೊಡಿಸಬೇಕಾಗಿದ್ದ ಬುಗುಡಿ ಮುಂದಿನ ವರ್ಷಕ್ಕೆ ಹೋಯಿತಂತೆ. ಮುಂದಿನ ವರ್ಷ ಯುದ್ಧ ಮುಗಿದು ಬೆಲೆ ಬಿದ್ದುಹೋಯಿತೆಂದೂ, ಬುಗುಡಿ ಕೊನೆಗೂ ಬರಲಿಲ್ಲವೆಂದೂ ಮನೆಯ ಹೆಂಗಸರು ಈಗಲೂ ಸೇರಿಸಿ ಹೇಳುವುದುಂಟು.

ಕೋವಿ ಈ ಕರಾವಳಿಗೆ ಹೊಸದೇನಲ್ಲ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಸೂರೆಮಾಡಿದಾಗಲೇ ಇಲ್ಲಿಯ ಜನ ಅದರ ಸದ್ದನ್ನು ಕೇಳಿದ್ದರು. ಆದರೆ ತೋಟಿಗರ ಮನೆಯ ಕೋವಿಗೆ ಯುದ್ಧದ ಗೊಡವೆ ಇರಲಿಲ್ಲ. ಅದರ ಶತ್ರುಗಳು ಎಳನೀರು ಕುಡಿದು ಚಿಪ್ಪನ್ನು ತಲೆಯ ಮೇಲೆ ಎಸೆಯುವ ಮಂಗಗಳು, ಬಾಳೆಯ ಬುಡವನ್ನು ಮಗುಚಿಹಾಕುವ ಹಂದಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಹಳೆಯ ಕತೆಗಳು ಕತೆಗಳಾಗಿಯೇ ಉಳಿದವು. ಕೋವಿಯಿಂದ ಅಜ್ಜನಿಗೆ ಬೇಕಾಗಿದ್ದುದು ಒಂದು ದೊಡ್ಡ ಸದ್ದು ಮಾತ್ರ.

ಸದ್ದಿಗಾದರೂ ಪರವಾನಗಿ ಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ, ಕೋವಿ ಹಳೆಯದೆಂಬ ಮಾತ್ರಕ್ಕೆ ಪರವಾನಗಿಯಿಂದ ಬಿಡುಗಡೆಯಿಲ್ಲ. ದುರಸ್ತಿ ಮಾಡಿದರೂ ಹಾರಲಾರದಷ್ಟು ಕೆಟ್ಟಿರಬೇಕು. ಅಜ್ಜನ ಕೋವಿ ಹಾರುತ್ತಿತ್ತು. ಆದ್ದರಿಂದ ಪರವಾನಗಿಯ ಪುಸ್ತಕವನ್ನು ಅವರು ಭೂಮಿಯ ಕಾಗದಪತ್ರಗಳ ಜೊತೆಯಲ್ಲೇ ಇಟ್ಟಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದೂ ವಾಡಿಕೆಯಾಗಿತ್ತು. ಬೆಳೆ ಕಾಯುವ ಕೋವಿಗಳಿಗೆ ವಿನಾಯಿತಿ ಕೊಡಬೇಕೆಂದು ಕೃಷಿಕರು ಕೇಳಿಕೊಳ್ಳುವುದೂ, ಚುನಾವಣೆಯ ಸಮಯವನ್ನೇ ನೋಡಿಕೊಂಡು ಮಂಗಗಳು ತೋಟಕ್ಕೆ ಇಳಿಯುತ್ತವೆಂದು ಗೊಣಗುವುದೂ ಅದರ ಜೊತೆಗಿನ ವಾಡಿಕೆ. 2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಜ್ಜನ ಕೋವಿ ಮನೆಗೆ ಮರಳುವ ಹೊತ್ತಿಗೆ ಮಳೆ ಹಿಡಿದಿತ್ತು. ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ಹೂ ಬಿಟ್ಟಿತ್ತು. ಅದು ಯಾರ ತಪ್ಪೂ ಅಲ್ಲ. ಸಾಲಾಗಿ ನಿಲ್ಲಿಸಿದ ಊರ ಕೋವಿಗಳಿಗೆಲ್ಲ ಎಣ್ಣೆ ಹಚ್ಚುತ್ತ ಕೂರಲು ಯಾರಿಗೆ ಪುರುಸೊತ್ತು?

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಗಾಳಿಯಲ್ಲಿ ಸದಾ ಉಪ್ಪಿನ ಪಸೆಯಿರುವ ಊರಿನಲ್ಲಿ ಕಬ್ಬಿಣವನ್ನು ಕಾಪಾಡುವುದು ಕೈಗೂಸನ್ನು ಕಾಪಾಡಿದಂತೆ. ಕೋವಿಗಂತೂ ಹೊರಗಿನ ಶತ್ರುವಿನ ಜೊತೆಗೆ ಒಳಗಿನ ಶತ್ರುವೂ ಉಂಟು. ಪೆಟ್ಲುಪ್ಪು, ಗಂಧಕ, ಇದ್ದಲು ಸೇರಿದ ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಆವಿಯಾಗುವುದೇ ಇಲ್ಲ. ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ನಳಿಗೆಯೊಳಗೆ ಕುಳಿತ ಆ ಕಿಟ್ಟ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತದೆ. ಹೊಡೆದ ದಿನವೇ ತೊಳೆಯದ ಕೋವಿ ಮಳೆಗಾಲದಲ್ಲಿ ವಾರದೊಳಗೆ ಕೆಡುತ್ತದೆಂದು ಅಜ್ಜ ಹೇಳುತ್ತಿದ್ದರು. ಅದಲ್ಲದೆ ವರ್ಷಕ್ಕೊಮ್ಮೆ, ಮಹಾನವಮಿಯ ಆಯುಧಪೂಜೆಗೆ ಮುನ್ನ, ಕೋವಿಯನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆಯಿಟ್ಟು ಜೋಡಿಸುವುದು ಮನೆಯ ಕ್ರಮ. ಕತ್ತಿ, ಗುದ್ದಲಿ, ದೋಟಿಗಳ ಜೊತೆಗೆ ಅದಕ್ಕೂ ಕುಂಕುಮ ಬೀಳುತ್ತಿತ್ತು.

ಆ ವರ್ಷ ಅಜ್ಜನ ಕೈ ನಡುಗುತ್ತಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಮಗ ಬೆಂಗಳೂರಿನಲ್ಲಿ, ಅವನಿಗೆ ಕೋವಿಯೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಸರೆಯ ರಜೆಗೆ ಬಂದವಳು ಮೊಮ್ಮಗಳು, ಯಂತ್ರಶಾಸ್ತ್ರ ಓದುತ್ತಿರುವವಳು. ಅಷ್ಟಮಿಯ ದಿನ ಮಧ್ಯಾಹ್ನದ ಊಟವಾದ ಮೇಲೆ ಅಜ್ಜ ಕಪಾಟಿನ ಕೀಲಿಕೈಯನ್ನು ಅವಳ ಮುಂದೆ ಹಿಡಿದು, “ತಂಗಿ, ಈ ಸಲ ನಿನ್ನ ಕೈ, ನನ್ನ ಬಾಯಿ” ಎಂದರು.

“ಬಾಯಿ ಇಷ್ಟು ವರ್ಷ ದುಡಿದದ್ದು ಸಾಲದೋ?” ಎಂದು ಅಜ್ಜಿ ಒಳಗಿನಿಂದಲೇ ಕೇಳಿದರು.

ಜಗಲಿಯಲ್ಲಿ ಹಳೆಯ ಪಂಚೆ ಹಾಸಿಯಾಯಿತು. ತಿರುಪುಮೊಳೆಗಳನ್ನು ಹಾಕಿಡಲು ಕಳಚಿದ ಕ್ರಮದಲ್ಲೇ ಸಾಲಾಗಿ ತೆಂಗಿನ ಚಿಪ್ಪುಗಳನ್ನು ಇಟ್ಟದ್ದಾಯಿತು. ಅಜ್ಜ ತಗಡಿನ ಪೆಟ್ಟಿಗೆಯಿಂದ ತಮ್ಮ ತಿರುಪುಳಿಯನ್ನು ತೆಗೆದರು. ಅದರದ್ದೇ ಒಂದು ಕತೆ. ಭಟ್ಕಳದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದಿ ಸಾಹೇಬರೊಬ್ಬರ ಬಳಿಗೆ ಅಜ್ಜ ಹಿಂದೊಮ್ಮೆ ಗಡಿಯಾರ ಕೊಡಲು ಹೋಗಿದ್ದಾಗ, ಕೋವಿಯ ತಿರುಪುಗಳ ತಲೆ ಸವೆದು ಜಾರುತ್ತಿವೆಯೆಂದು ಹೇಳಿಕೊಂಡರಂತೆ. ಸಾಹೇಬರು ನಕ್ಕು, “ಭಟ್ರೇ, ಕೆಟ್ಟದ್ದು ತಿರುಪಲ್ಲ, ನಿಮ್ಮ ತಿರುಪುಳಿ” ಎಂದರಂತೆ. ಅಂಗಡಿಯಲ್ಲಿ ಸಿಗುವ ತಿರುಪುಳಿಯ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಸೀಳಿನ ಮೇಲಂಚನ್ನಷ್ಟೇ ಮುಟ್ಟಿ ಒತ್ತುತ್ತದೆ, ಜಾರಿ ತಲೆಯನ್ನು ಕೀಳುತ್ತದೆ. ತುದಿಯ ಎರಡೂ ಮುಖಗಳು ಸಮಾನಾಂತರವಾಗಿದ್ದು ಸೀಳಿನ ತಳದವರೆಗೆ, ಅಗಲ ಪೂರ್ತಿ ತುಂಬಿ ನಿಲ್ಲಬೇಕು. ಸಾಹೇಬರು ಅಲ್ಲಿಯೇ ಕುಳಿತು ಒಂದು ತಿರುಪುಳಿಯನ್ನು ಅರದಿಂದ ತೀಡಿಕೊಟ್ಟರು, ಹಣ ಮುಟ್ಟಲಿಲ್ಲ. “ಕೋವಿ ರಿಪೇರಿ ನನ್ನ ಕೆಲಸವಲ್ಲ, ಅದಕ್ಕೆ ಸರಕಾರದ ಪರವಾನಗಿ ಬೇಕು. ತಿರುಪುಳಿ ತೀಡಲು ಯಾರ ಪರವಾನಗಿಯೂ ಬೇಡ” ಎಂದರಂತೆ. ಸಾಹೇಬರು ಹೋಗಿ ಬಹಳ ವರ್ಷವಾಯಿತು; ತಿರುಪುಳಿ ಇದೆ.

ಮೊಮ್ಮಗಳು ಕೋವಿಯನ್ನು ತಂದಳು. ಬಾಯಿಯನ್ನು ಅಂಗಳದಾಚೆಯ ಧರೆಯ ಕಡೆಗೆ ತಿರುಗಿಸಿ ಹಿಡಿದಳು. ಅಜ್ಜ, “ಮೊದಲು ಕೀಲಿನ ಎರಡು ತಿರುಪು” ಎಂದು ಆರಂಭಿಸಿದರು.

“ಮೊದಲು ಗಜ” ಎಂದಳು ಮೊಮ್ಮಗಳು.

“ಖಾಲಿ ಇದೆ ಮಾರಾಯ್ತಿ. ಠಾಣೆಯಿಂದ ತಂದವನು ನಾನೇ ಅಲ್ಲವೋ?”

“ನನಗೆ ಹತ್ತು ವರ್ಷ ಆಗಿದ್ದಾಗ ನೀವೇ ಹೇಳಿಕೊಟ್ಟದ್ದು. ಗಜ ಹೇಳುವವರೆಗೆ ಯಾವ ಕೋವಿಯೂ ಖಾಲಿಯಲ್ಲ ಅಂತ.”

ಹೇಳಿದ್ದು ನಿಜ. ಬಾಯಿಯಿಂದ ತುಂಬುವ ಕೋವಿಯ ಹೊಟ್ಟೆಯನ್ನು ಕಣ್ಣಿನಿಂದ ನೋಡಲಾಗುವುದಿಲ್ಲ. ತೋಟೆಯ ಕೋವಿಯಾದರೆ ಮುರಿದು ನೋಡಬಹುದು. ಇದಕ್ಕೆ ಗಜವೊಂದೇ ಸಾಕ್ಷಿ. ಗಜವನ್ನು ಬಾಯಿಂದ ಒಳಕ್ಕೆ ಇಳಿಬಿಟ್ಟರೆ, ಖಾಲಿ ಕೋವಿಯಲ್ಲಿ ಅದು ತಳದ ಕಬ್ಬಿಣಕ್ಕೆ ತಾಗಿ ‘ಠಣ್’ ಎನ್ನುತ್ತದೆ. ಅಜ್ಜನ ತಂದೆ, ಹಾಗೆ ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಬರುವ ಜಾಗದಲ್ಲಿ, ಗಜದ ಮೇಲೆ ಅರದಿಂದ ಒಂದು ಗೆರೆ ಹಾಕಿಟ್ಟಿದ್ದರು.

ಮೊಮ್ಮಗಳು ತನ್ನ ಮುಖವನ್ನೂ ಕೈಯನ್ನೂ ಬಾಯಿಯ ನೇರದಿಂದ ಪಕ್ಕಕ್ಕೆ ಸರಿಸಿಕೊಂಡು, ಎರಡು ಬೆರಳಲ್ಲಿ ಹಿಡಿದು, ಗಜವನ್ನು ಮೆಲ್ಲಗೆ ಇಳಿಬಿಟ್ಟಳು. ‘ಠಣ್’ ಎನ್ನಲಿಲ್ಲ. ಮೆತ್ತೆಯ ಮೇಲೆ ಕೈಯಿಟ್ಟಂತೆ ‘ದಪ್’ ಎಂದಿತು. ಗೆರೆ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು.

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಜ್ಜ ಕೈ ಚಾಚಿ ಗಜವನ್ನು ತಾವೇ ಒಮ್ಮೆ ಎತ್ತಿ ಬಿಟ್ಟರು. ಮತ್ತೆ ‘ದಪ್’. ಕೇಪು ಕೂರುವ ಮೊನೆಯನ್ನು ನೋಡಿದರು; ಅಲ್ಲಿ ಕೇಪಿರಲಿಲ್ಲ. ಆಗ ಒಂದು ಉಸಿರು ಬಿಟ್ಟರು.

ಅನಂತರ ನೆನಪು ತುಣುಕು ತುಣುಕಾಗಿ ಬಂದಿತು. ಜುಲೈ ತಿಂಗಳ ಒಂದು ರಾತ್ರಿ, ವಿದ್ಯುತ್ತಿರಲಿಲ್ಲ. ಬಾಳೆಯ ಹಿಂಡಿನ ಕಡೆ ಹಂದಿ ಬಂದ ಸದ್ದು ಕೇಳಿ, ದೀಪದ ಬೆಳಕಿನಲ್ಲಿ ಮದ್ದು ಹಾಕಿ, ತೆಂಗಿನ ನಾರಿನ ಕತ್ತ ಜಡಿದು, ಚರೆ ಸುರಿದು, ಮೇಲೆ ಇನ್ನೊಂದು ಕತ್ತ ಜಡಿದಿದ್ದರು. ಕೇಪು ಕೂರಿಸುವಷ್ಟರಲ್ಲಿ ನಾಯಿ ಬೊಗಳಿ ಹಂದಿ ಓಡಿಹೋಯಿತು. ಬೆಳಗ್ಗೆ ಈಡನ್ನು ತೆಗೆದರಾಯಿತೆಂದು ಕೋವಿಯನ್ನು ಕಪಾಟಿನಲ್ಲಿಟ್ಟರು. ಬೆಳಗ್ಗೆ ಜ್ವರ, ಎಂಟು ದಿನ ಹಾಸಿಗೆ. ಎದ್ದಾಗ ಆ ರಾತ್ರಿ ಮನಸ್ಸಿನಿಂದ ಪೂರ್ತಿ ಅಳಿಸಿಹೋಗಿತ್ತು.

“ಹಾಗಾದರೆ ಚೌತಿಗೆ?” ಎಂದರು ಬಾಗಿಲಿಗೆ ಬಂದು ನಿಂತಿದ್ದ ಅಜ್ಜಿ.

ಸೆಪ್ಟೆಂಬರಿನ ಚೌತಿಯ ಹಬ್ಬಕ್ಕೆ ಮಗಳ ಮನೆಯವರು ಬಂದಿದ್ದರು. ಏಳು ವರ್ಷದ ಮೊಮ್ಮಗ ಕೋವಿ ತೋರಿಸೆಂದು ಹಟ ಹಿಡಿದಿದ್ದ. ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕುದುರೆಯನ್ನು ತಾವೇ ಹಿಂದಕ್ಕೆಳೆದು, ಹುಡುಗನ ಬೆರಳನ್ನು ಟ್ರಿಗರಿನ ಮೇಲಿರಿಸಿದ್ದರು. ಕುದುರೆ ‘ಟಕ್’ ಎಂದು ಬಿದ್ದಾಗ ಹುಡುಗ ಕೈ ತಟ್ಟಿ ನಕ್ಕಿದ್ದ. ಜಗಲಿಯ ತುಂಬ ಜನರಿದ್ದರು. ಕೇಪುಗಳ ಡಬ್ಬಿ ಅದೇ ಕಪಾಟಿನ ಅದೇ ಹಲಗೆಯ ಮೇಲಿತ್ತು.

ಅಜ್ಜಿ ಮತ್ತೇನೂ ಹೇಳದೆ ಒಳಗೆ ಹೋದರು. ಬೈದಿದ್ದರೆ ಅಜ್ಜನಿಗೆ ಹಗುರಾಗುತ್ತಿತ್ತು.

ಒಣಗಿದಲ್ಲಿ ಇಟ್ಟ ಕರಿಮದ್ದಿಗೆ ಮುಪ್ಪಿಲ್ಲ. ಗೋಡೆಯ ಮೇಲೆ ಅಲಂಕಾರಕ್ಕೆಂದು ತೂಗಿದ ಹಳೆಯ ಕೋವಿಗಳಲ್ಲಿ, ತುಂಬಿದವನು ಸತ್ತು ಎರಡು ಮೂರು ತಲೆಮಾರು ಕಳೆದ ಮೇಲೂ ಮದ್ದು ಜೀವಂತವಾಗಿರಬಲ್ಲದು. ಅಂಥ ಕೋವಿಗೆ ತಿರುಪುಳಿ ಹಾಕುವುದಾಗಲಿ, ಬೆಂಕಿಯ ಬಳಿ ಒಯ್ಯುವುದಾಗಲಿ ಹುಚ್ಚುತನ. ಮದ್ದಿನ ವೈರಿ ನೀರು. ಕೋವಿಯನ್ನು ಅಂಗಳದ ಮೂಲೆಯಲ್ಲಿ, ಚಿರೆಕಲ್ಲಿನ ಪಾಗಾರಕ್ಕೆ ಒರಗಿಸಿ, ಬಾಯಿ ಮೇಲೆ ಮಾಡಿ ನಿಲ್ಲಿಸಿದರು. ಮೊಮ್ಮಗಳು ಪಕ್ಕಕ್ಕೆ ನಿಂತು, ಉದ್ದ ಹಿಡಿಯ ಸೌಟಿನಿಂದ ನೀರು ಹೊಯ್ದಳು. ನಾರಿನ ಕತ್ತದ ಮೂಲಕ ನೀರು ಇಳಿದು, ಪೆಟ್ಲುಪ್ಪನ್ನು ಕರಗಿಸಿ, ಮದ್ದನ್ನು ಕೆಸರು ಮಾಡಬೇಕು. ಅದಕ್ಕೆ ಅವಸರ ಸಲ್ಲದು. ಆ ರಾತ್ರಿಯೆಲ್ಲ ಕೋವಿ ಅಂಗಳದಲ್ಲಿ ನಿಂತಿತ್ತು. ಅಜ್ಜ ಜಗಲಿಯಲ್ಲಿ ಅದರ ಕಾವಲಿಗೆ ಕುಳಿತಿದ್ದರು. ಮೊಮ್ಮಗಳು ಎರಡು ಸಲ ಎದ್ದು ಬಂದು ನೋಡಿದಾಗಲೂ ಅವರಿಗೆ ನಿದ್ದೆಯಿರಲಿಲ್ಲ.

ಮಹಾನವಮಿಯ ಬೆಳಗ್ಗೆ, ಗಜದ ತುದಿಗೆ ಸುರುಳಿ ಮೊನೆಯನ್ನು ತಿರುಗಿಸಿ ಸೇರಿಸಿ ಒಳಗಿಳಿಸಿದರು. ಮೊದಲು ಮೇಲಿನ ಕತ್ತ ಬಂದಿತು. ಕೋವಿಯನ್ನು ಬಗ್ಗಿಸಿದಾಗ ಚರೆಗಳು ಉದುರಿ ತಂಬಿಗೆಯ ನೀರಿಗೆ ಬಿದ್ದವು. ಎರಡನೆಯ ಕತ್ತದ ಹಿಂದೆ ಕರಿಯ ನೀರು ಹರಿಯಿತು. ಕೊನೆಗೆ ಗಜ ‘ಠಣ್’ ಎಂದಿತು. ಗೆರೆ ಬಾಯಿಗೆ ಸರಿಯಾಗಿ ಕೂಡಿತು. ಅಜ್ಜ, “ಇನ್ನೊಮ್ಮೆ” ಎಂದರು. ಇನ್ನೊಮ್ಮೆಯೂ ‘ಠಣ್’.

ಅನಂತರ ಬಿಚ್ಚುವ ಕೆಲಸ ಕ್ರಮವಾಗಿ ಸಾಗಿತು. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಎಡಗಡೆಯ ಎರಡು ತಿರುಪುಗಳನ್ನು ಪೂರ್ತಿ ತೆಗೆಯದೆ ಸಡಿಲಿಸಿ, ಅವುಗಳ ತಲೆಯ ಮೇಲೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ ಬಲಗಡೆಯಲ್ಲಿ ಕೀಲಿನ ಫಲಕ ಸಮನಾಗಿ ಮೇಲೆದ್ದಿತು. ಚಾಣದಿಂದ ಮೀಟಿದರೆ ಮರದ ಅಂಚು ಸಿಡಿಯುತ್ತದೆ. ಫಲಕದ ಒಳಮೈಯಲ್ಲಿತ್ತು ಕೋವಿಯ ನಿಜವಾದ ಜಾಣತನ: ಇಕ್ಕಳದಂತೆ ಮಡಿಸಿದ ಉಕ್ಕಿನ ದೊಡ್ಡ ಸ್ಪ್ರಿಂಗು, ಅದು ತಿರುಗಿಸುವ ಎರಡು ಹಲ್ಲಿನ ಪುಟ್ಟ ಗಾಲಿ, ಆ ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ. ಆಳವಾದ ಮೊದಲ ಹಲ್ಲು ಕುದುರೆಯನ್ನು ಅರ್ಧದಲ್ಲಿ ಹಿಡಿದಿಡುತ್ತದೆ. ಅಲ್ಲಿ ಟ್ರಿಗರ್ ಎಳೆದರೂ ಬಿಡಬಾರದು. ಎರಡನೆಯ ಹಲ್ಲು ತೆಳು. ಬೆರಳಿನ ಒತ್ತಡಕ್ಕೆ ಬಿಡುತ್ತದೆ. ಮೊಮ್ಮಗಳು ಮೊದಲ ಹಲ್ಲನ್ನು ಭೂತಗನ್ನಡಿಯಲ್ಲಿ ನೋಡಿದಳು. ಅದರ ತುದಿ ಸವೆದಿತ್ತು. ಅಜ್ಜನಿಗೂ ಕನ್ನಡಿ ಕೊಟ್ಟಳು. ಅವರು ಬಹಳ ಹೊತ್ತು ನೋಡಿ, “ಇದೂ ನನ್ನ ಹಾಗೆಯೇ. ಹಿಡಿತ ತಪ್ಪುತ್ತಿದೆ” ಎಂದರು.

ಸ್ಪ್ರಿಂಗನ್ನು ಬಿಚ್ಚುವಾಗ ಮಾತ್ರ ಅಜ್ಜ ಎರಡು ಸಲ ಎಚ್ಚರಿಸಿದರು. ಕುದುರೆಯನ್ನು ಪೂರ್ತಿ ಎಳೆದು, ಬಿಗಿದ ಸ್ಪ್ರಿಂಗಿನ ಎರಡು ತೋಳುಗಳನ್ನು ಹಿಡಿಕೆಯಲ್ಲಿ ಕಚ್ಚಿಸಿ, ಆಮೇಲೆ ಕುದುರೆಯನ್ನು ಇಳಿಸಿದರೆ ಸ್ಪ್ರಿಂಗು ತಾನಾಗಿ ಕೈಗೆ ಬರುತ್ತದೆ. ಆತುರಪಟ್ಟರೆ ಹಾರಿ ಮುಖಕ್ಕೆ ಬಡಿಯುತ್ತದೆ, ಇಲ್ಲವೇ ಮುರಿಯುತ್ತದೆ. ಒಂದೊಂದೇ ಭಾಗ ಒಂದೊಂದು ಚಿಪ್ಪನ್ನು ಸೇರಿತು. ಬಾಲದ ತಿರುಪನ್ನು ತೆಗೆದು, ಮೂರು ಪಟ್ಟಿಗಳನ್ನು ಸಡಿಲಿಸಿ ಜಾರಿಸಿದ ಮೇಲೆ ನಳಿಗೆ ಮರದಿಂದ ಬಿಟ್ಟುಕೊಂಡಿತು. ನಳಿಗೆಯ ಹಿಂಬದಿಯನ್ನು ಮುಚ್ಚಿರುವ ತಿರುಪನ್ನು ಮಾತ್ರ ಮುಟ್ಟುವಂತಿಲ್ಲ. ಒಮ್ಮೆ ಕೂಡಿದ್ದು ಕೂಡಿಯೇ ಇರಬೇಕು.

ಎಣ್ಣೆಯಲ್ಲಿ ಒರೆಸಿದಾಗ ಫಲಕದ ಮೇಲೆ ಒಂದು ಕಿರೀಟವೂ, ‘ಟವರ್’ ಎಂಬ ಇಂಗ್ಲಿಷ್ ಅಕ್ಷರಗಳೂ, 1860 ಎಂಬ ಇಸವಿಯೂ ಮಸುಕಾಗಿ ಕಂಡವು. “ನೋಡು, ಎನ್‌ಫೀಲ್ಡ್ ರೈಫಲ್ಲು!” ಎಂದರು ಅಜ್ಜ, ಆ ಬೆಳಗ್ಗೆ ಅವರ ದನಿಗೆ ಮೊದಲ ಸಲ ಜೀವ ಬಂದಿತ್ತು. ಮೊಮ್ಮಗಳು ನಳಿಗೆಯೊಳಗೆ ದೀಪ ಬಿಟ್ಟು ನೋಡಿದಳು. ರೈಫಲಿಗೆ ಆ ಹೆಸರು ಬಂದದ್ದೇ ಒಳಗಿನ ಸುರುಳಿ ಗಾಡಿಗಳಿಂದ. ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಓಡಿಸುವುದು ಅವೇ. 1853ರ ಎನ್‌ಫೀಲ್ಡಿನಲ್ಲಿ ಅಂಥ ಮೂರು ಗಾಡಿಗಳಿದ್ದವು. ಇಲ್ಲಿ ಒಂದೂ ಇರಲಿಲ್ಲ. ಅವಳು ತನ್ನ ಕಾಲೇಜಿನ ಅಳತೆಗೋಲಿನಿಂದ ಬಾಯಿಯನ್ನು ಅಳೆದಳು: 16.7 ಮಿಲಿಮೀಟರಿಗೆ ಚೂರು ಹೆಚ್ಚು. ರೈಫಲ್ ಆಗಿದ್ದರೆ 14.7 ಇರಬೇಕಾಗಿತ್ತು.

ಅದರ ಕಾರಣ ಚರಿತ್ರೆಯಲ್ಲಿತ್ತು. ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟೆಯನ್ನು ಹಲ್ಲಿನಿಂದ ಕಚ್ಚಬೇಕೆಂಬ ಮಾತಿನಿಂದಲೇ 1857ರ ದಂಗೆಯ ಕಿಡಿ ಹೊತ್ತಿದ್ದು. ದಂಗೆ ಅಡಗಿದ ಮೇಲೆ ಆಂಗ್ಲರು ಭಾರತೀಯ ಸಿಪಾಯಿಗಳ ಕೈಗೆ ರೈಫಲನ್ನು ಕೊಡಲು ಹಿಂಜರಿದರು. ಹೊರನೋಟಕ್ಕೆ ಎನ್‌ಫೀಲ್ಡನ್ನೇ ಹೋಲುವ, ಆದರೆ ಒಳಗೆ ಗಾಡಿಗಳಿಲ್ಲದ, 0.577 ಅಂಗುಲಕ್ಕೆ ಬದಲು 0.656 ಅಂಗುಲ ಅಗಲದ ನುಣುಪು ನಳಿಗೆಯ ಮಸ್ಕೆಟ್ಟನ್ನು 1858ರ ಮಾದರಿಯೆಂದು ಮಾಡಿಸಿ ಅವರಿಗೆ ಹಂಚಿದರು. ಹತ್ತಿರದಲ್ಲಿ ಸದ್ದು ಮಾಡಬಹುದು, ದೂರಕ್ಕೆ ಗುರಿ ಹತ್ತುವುದಿಲ್ಲ. ಅಪನಂಬಿಕೆಯನ್ನೇ ಕೊರೆದು ಮಾಡಿದ ಕೋವಿ ಅದು.

“ಹಾಗಾದರೆ ನೂರರವತ್ತು ವರ್ಷದಿಂದ ನಾವು ಹೇಳಿಕೊಂಡು ಬಂದದ್ದು ಸುಳ್ಳೋ?” ಎಂದರು ಅಜ್ಜ. ಮೊಮ್ಮಗಳು ಏನು ಹೇಳಬೇಕೆಂದು ಯೋಚಿಸುತ್ತಿದ್ದಾಗ ಅವರೇ ನಕ್ಕರು. “ಅಜ್ಜಿಗೆ ಹೇಳಬೇಡ. ಬುಗುಡಿಯ ಕತೆ ಮತ್ತೆ ಶುರುವಾಗುತ್ತದೆ.”

ಅಜ್ಜಿ ಆಗಲೇ ಬಚ್ಚಲ ಹಂಡೆಯ ಕುದಿಯುವ ನೀರನ್ನು ತಂದಿಟ್ಟಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಕೇಪಿನ ಮೊನೆಯನ್ನು ಚಾವಿಯಿಂದ ತಿರುಗಿಸಿ ತೆಗೆದು, ನಳಿಗೆಯ ಬಾಯಿಂದ ನೀರು ಹೊಯ್ದಾಗ ಹಿಂಬದಿಯ ತೂತಿನಿಂದ ಶಾಯಿಯಂಥ ಕರಿನೀರು ಚಿಮ್ಮಿತು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಅಂಗಳ ತುಂಬಿತು. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಯಿತು. ಇಲ್ಲಿ ಸೋಪೂ ಬೇಡ, ಸೀಮೆಎಣ್ಣೆಯೂ ಬೇಡ. ಮದ್ದಿನ ಕಿಟ್ಟವನ್ನು ಕರಗಿಸುವುದು ನೀರೇ. ಕುದಿನೀರಿಗೆ ನಳಿಗೆಯೂ ಕಾಯುವುದರಿಂದ ಒಳಗಿನ ತೇವ ತಾನಾಗಿ ಆರಿಹೋಗುತ್ತದೆ. ಪಂಚೆಯ ಚೂರುಗಳನ್ನು ಗಜಕ್ಕೆ ಸುತ್ತಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಉಜ್ಜಿ, ಕಬ್ಬಿಣ ಇನ್ನೂ ಬೆಚ್ಚಗಿರುವಾಗಲೇ ಹೊಲಿಗೆ ಯಂತ್ರದ ಎಣ್ಣೆಯನ್ನು ಸವರಿದರು. ತೆಂಗಿನೆಣ್ಣೆ ಮನೆಯಲ್ಲಿ ಧಾರಾಳವಾಗಿದ್ದರೂ ಕೀಲಿಗೆ ಅದು ಸಲ್ಲದು. ಕಾಲ ಕಳೆದಂತೆ ಅಂಟಾಗಿ ಗಾಲಿಯನ್ನು ಕಟ್ಟಿಹಾಕುತ್ತದೆ.

ಮಳೆಗಾಲದ ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆಸಿದ ನವಿರಾದ ಉಕ್ಕಿನ ನಾರಿನಿಂದ ಬಿಡಿಸಿದರು. ಅದರ ಕೆಳಗಿನ ಕಂದು ಬಣ್ಣವನ್ನು ಮಾತ್ರ ಅಜ್ಜ ಮುಟ್ಟಗೊಡಲಿಲ್ಲ. ಮರಳು ಕಾಗದ ಹಾಕಿ ಬೆಳ್ಳಿಯಂತೆ ಹೊಳೆಯಿಸುವವರು ಕೋವಿಯ ಚರ್ಮವನ್ನೇ ಸುಲಿಯುತ್ತಾರೆ. ನೂರು ವರ್ಷದ ಆ ಕಂದು ಪೊರೆಯೇ ಅದಕ್ಕೆ ಹೊದಿಕೆ. ಮರದ ಹಿಡಿಗೆ ಹೊನ್ನೆ ಎಣ್ಣೆಯನ್ನು ಅಂಗೈಯಿಂದ ತಿಕ್ಕುವಾಗ, ಕುತ್ತಿಗೆಯ ಬಳಿ ಬಣ್ಣ ಬೇರೆಯಾದ ಒಂದು ಬೆಸುಗೆ ಮೊಮ್ಮಗಳ ಬೆರಳಿಗೆ ತಾಗಿತು. ಅಜ್ಜನ ತಂದೆಯ ಕಾಲದಲ್ಲಿ ಸೀಳಿದ್ದ ಆ ಜಾಗಕ್ಕೆ ಕುಮಟೆಯ ಗುಡಿಗಾರರೊಬ್ಬರು ಮರದ ತುಂಡನ್ನು ಕೂಡಿಸಿದ್ದರಂತೆ. ಗಂಧದ ಮರದಲ್ಲಿ ದೇವರನ್ನು ಕೆತ್ತುವ ಕೈ ಕೋವಿಯ ಬಿರುಕನ್ನೂ ಮುಚ್ಚಿತ್ತು. ಕೂದಲೆಳೆಯಷ್ಟೂ ಸಂದು ಬಿಟ್ಟಿರಲಿಲ್ಲ.

ಜೋಡಿಸುವುದೆಂದರೆ ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡುವುದು. ಕೊನೆಯ ಚಿಪ್ಪು ಮೊದಲು ಖಾಲಿಯಾಯಿತು, ಮೊದಲ ಚಿಪ್ಪು ಕೊನೆಗೆ. ಎಲ್ಲ ಮುಗಿದ ಮೇಲೆ ಮೊಮ್ಮಗಳು ಕೇಳದೆಯೇ ಗಜವನ್ನು ಇಳಿಬಿಟ್ಟಳು. ‘ಠಣ್’. ಮಧ್ಯಾಹ್ನ ಕತ್ತಿ, ಗುದ್ದಲಿ, ದೋಟಿ, ಅವಳ ಅಳತೆಗೋಲು, ಭಟ್ಕಳದ ತಿರುಪುಳಿ ಇವುಗಳ ಸಾಲಿನಲ್ಲಿ ಕೋವಿಯೂ ಕುಂಕುಮ ಧರಿಸಿ ಮಲಗಿತು. ಕೇಪಿನ ಡಬ್ಬಿಯನ್ನು ಅಜ್ಜಿ ಬೆಳಗ್ಗೆಯೇ ತೆಗೆದು ಬೇರೆ ಪೆಟ್ಟಿಗೆಯಲ್ಲಿಟ್ಟು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಪರವಾನಗಿಯ ಅವಧಿ ವರ್ಷಾಂತ್ಯಕ್ಕೆ ಮುಗಿಯುವುದರಲ್ಲಿತ್ತು. ನವೀಕರಣದ ಅರ್ಜಿಯನ್ನು ಅಜ್ಜ ತಿಂಗಳ ಹಿಂದೆಯೇ ತರಿಸಿಟ್ಟಿದ್ದರು. ಪೂಜೆಯ ರಾತ್ರಿ ಅದನ್ನು ಮುಂದಿಟ್ಟುಕೊಂಡು ಕುಳಿತರು, ರುಜು ಮಾಡಲಿಲ್ಲ.

“ನನ್ನ ಹೆಸರಿಗೆ ಮಾಡಿಸಬಹುದಲ್ಲ, ಅಜ್ಜ” ಎಂದಳು ಮೊಮ್ಮಗಳು.

“ಮಾಡಿಸಬಹುದು. ಆದರೆ ನೀನಿರುವುದು ಬೆಂಗಳೂರಿನಲ್ಲಿ. ಕೋವಿ ಇರುವುದು ಇಲ್ಲಿ, ನನ್ನ ಹತ್ತಿರ. ಹಂದಿಯನ್ನು ಕಾಯಬಹುದು ತಂಗಿ. ನನ್ನ ಮರೆವನ್ನು ಕಾಯುವವರು ಯಾರು?”

ಅವಳು ಉತ್ತರ ಹೇಳಲಿಲ್ಲ. ಅಜ್ಜ ಮತ್ತೊಂದು ಹಾಳೆಯನ್ನು ತೆಗೆದುಕೊಂಡು, ನಡುಗುವ ಕೈಯಿಂದಲೇ, ಪರವಾನಗಿಯನ್ನು ಮುಂದುವರಿಸುವ ಇಚ್ಛೆ ತಮಗಿಲ್ಲವೆಂದೂ ಕೋವಿಯನ್ನು ಒಪ್ಪಿಸುತ್ತಿರುವುದಾಗಿಯೂ ನಾಲ್ಕು ಸಾಲು ಬರೆದರು. ರಜೆ ಮುಗಿಯುವ ಮೊದಲು ಇಬ್ಬರೂ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊನ್ನಾವರಕ್ಕೆ ಹೋದರು. ಮೇಜಿನ ಆಚೆಗಿದ್ದವರು ಕೋವಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, “ಇಷ್ಟು ಚೆನ್ನಾಗಿಟ್ಟು ಈಗ ಕೊಡುತ್ತೀರಾ?” ಎಂದರು. “ಚೆನ್ನಾಗಿರುವಾಗಲೇ ಕೊಡಬೇಕು” ಎಂದರು ಅಜ್ಜ. ಆಮೇಲೆ ತಾವೇ ಗಜವನ್ನು ತೆಗೆದು ನಳಿಗೆಗೆ ಇಳಿಬಿಟ್ಟು ಆ ಸದ್ದನ್ನು ಅವರಿಗೂ ಕೇಳಿಸಿದರು. ರಸೀದಿ ಪಡೆದು, ಮಡಿಸಿ, ಕಿಸೆಯಲ್ಲಿಟ್ಟುಕೊಂಡರು.

ತಿರುಪುಳಿ ಈಗ ಬೆಂಗಳೂರಿನಲ್ಲಿ, ಮೊಮ್ಮಗಳ ಮೇಜಿನ ಮೇಲಿದೆ. ಊರಿನ ಮನೆಯಲ್ಲಿ ಮಂಗಗಳು ಬಂದರೆ ಅಜ್ಜ ಡಬ್ಬ ಬಡಿಯುತ್ತಾರೆ. ಅವು ಸ್ವಲ್ಪ ದೂರ ಹೋಗಿ ಕುಳಿತು ನೋಡುತ್ತವೆ. ಜಗಲಿಯ ಗೋಡೆಯ ಎರಡು ಗೂಟಗಳು ಬಹಳ ದಿನ ಬರಿದಾಗಿಯೇ ಇದ್ದವು. ಮುಂದಿನ ಮಳೆಗಾಲ ಹಿಡಿದ ದಿನ, ಹೊರಗಿನಿಂದ ಬಂದ ಅಜ್ಜಿ ಯಾರನ್ನೂ ಕೇಳದೆ ನೀರಿಳಿಯುವ ತಮ್ಮ ಕೊಡೆಯನ್ನು ಅವುಗಳ ಮೇಲೆ ಅಡ್ಡಲಾಗಿ ಇಟ್ಟರು. ಅಜ್ಜ ನೋಡಿದರು. “ಅದು ಕೋವಿಯ ಗೂಟ” ಎನ್ನಲಿಲ್ಲ.